ಬಾಯುಂಟು, ಕಿವಿಯಿಲ್ಲ: ಸ್ಮಾರ್ಟ್ ರಿಮೋಟಿನ ಕಥೆ

ನಿಮ್ಮ ಮನೆಯಲ್ಲಿ ಎಷ್ಟು ರಿಮೋಟ್‌ಗಳಿವೆ? ಎಣಿಸಿ ನೋಡಿ. ಟಿ.ವಿ.ಗೆ ಒಂದು. ಅದರ ಪಕ್ಕದ ಸೆಟ್ ಟಾಪ್ ಬಾಕ್ಸಿಗೆ ಇನ್ನೊಂದು. ಇತ್ತೀಚೆಗೆ ಹೊಸ ಫ್ಯಾನು ಹಾಕಿಸಿದ್ದರೆ ಬಹುಶಃ ಮೂರನೆಯದೂ ಇರುತ್ತದೆ. ಬೇಕಾದ ಹೊತ್ತಿಗೆ ಈ ಮೂರರಲ್ಲಿ ಒಂದಾದರೂ ಕೈಗೆ ಸಿಗುವುದಿಲ್ಲ. ದಿಂಬಿನ ಕೆಳಗೋ, ತಮ್ಮನ ಆಟಿಕೆಗಳ ನಡುವೆಯೋ ಅಡಗಿರುತ್ತದೆ.

ಈಗ ಒಂದು ಸನ್ನಿವೇಶವನ್ನು ಊಹಿಸಿಕೊಳ್ಳಿ. ಬೆಂಗಳೂರಿನಲ್ಲಿ ಕೆಲಸ ಮಾಡುವ ನಿಮ್ಮ ಚಿಕ್ಕಪ್ಪ ಹಬ್ಬಕ್ಕೆ ಊರಿಗೆ ಬಂದಿದ್ದಾರೆ. ಬರುವಾಗ ಒಂದು ಕರಿಯ ಡಬ್ಬಿ ತಂದಿದ್ದಾರೆ. ರಾಗಿಮುದ್ದೆಯನ್ನು ಅಂಗೈಯಿಂದ ಒತ್ತಿ ಚಪ್ಪಟೆ ಮಾಡಿದರೆ ಹೇಗಿರುತ್ತದೋ ಅದು ಹಾಗಿದೆ. ಮೇಲೆ ಒಂದು ಗುಂಡಿಯೂ ಇಲ್ಲ. "ಇದು ಸ್ಮಾರ್ಟ್ ರಿಮೋಟ್ ಕಣಮ್ಮಾ. ಇನ್ನು ಮೂರು ರಿಮೋಟ್ ಹುಡುಕೋ ಕೆಲಸ ಇಲ್ಲ" ಎಂದು ಅಜ್ಜಿಗೆ ಹೇಳುತ್ತಾರೆ. ಡಬ್ಬಿಯನ್ನು ಟಿ.ವಿ.ಯ ಎದುರಿನ ಗೂಡಿನಲ್ಲಿಟ್ಟು, ಅದಕ್ಕೆ ಕರೆಂಟು ಕೊಟ್ಟು, ಮನೆಯ ವೈ-ಫೈಗೆ ಜೋಡಿಸುತ್ತಾರೆ. ಮೊಬೈಲಿನ ಪರದೆಯ ಮೇಲೆ ಟಿ.ವಿ., ಸೆಟ್ ಟಾಪ್ ಬಾಕ್ಸ್, ಫ್ಯಾನು ಮೂರರ ಗುಂಡಿಗಳೂ ಮೂಡುತ್ತವೆ. ಒತ್ತಿದರೆ ಎಲ್ಲವೂ ಹೇಳಿದ ಹಾಗೆ ಕೇಳುತ್ತವೆ! ಚಿಕ್ಕಪ್ಪ ಬೆಂಗಳೂರಿಗೆ ಹಿಂತಿರುಗಿದ ಮೇಲೂ ತಮ್ಮ ಮೊಬೈಲಿನಿಂದಲೇ ಇವನ್ನು ನಡೆಸಬಹುದು.

ಮರುವಾರ ಒಂದು ಮಧ್ಯಾಹ್ನ. ಅಜ್ಜಿ ಟಿ.ವಿ. ಆರಿಸಿ, ಚಾಪೆ ಹಾಸಿ ಮಲಗಿದ್ದಾರೆ. ಇದ್ದಕ್ಕಿದ್ದಂತೆ ಟಿ.ವಿ. ತಾನಾಗಿಯೇ ಹತ್ತಿಕೊಂಡು ಧಾರಾವಾಹಿಯ ಅತ್ತೆಯೊಬ್ಬಳು ಜೋರಾಗಿ ಕಿರುಚತೊಡಗುತ್ತಾಳೆ. ಅಜ್ಜಿ ಗಾಬರಿಯಿಂದ ಎದ್ದು ಕೂರುತ್ತಾರೆ. ಅಷ್ಟರಲ್ಲಿ ಚಿಕ್ಕಪ್ಪನ ಫೋನು: "ಅಮ್ಮಾ, ನೀನು ಟಿ.ವಿ. ಹಾಕಿಕೊಂಡೇ ಮಲಗಿಬಿಡ್ತೀಯ ಅಂತ ಇಲ್ಲಿಂದಲೇ ಆರಿಸಿದೆ." ಅಜ್ಜಿ ಹೇಳುತ್ತಾರೆ: "ಆರಿಸಲಿಲ್ಲ ಕಣೋ, ಹಚ್ಚಿದೆ!"

ಆರಿಸಲು ಒತ್ತಿದರೆ ಟಿ.ವಿ. ಹತ್ತಿಕೊಂಡದ್ದೇಕೆ? ಡಬ್ಬಿ ಕೆಟ್ಟಿಲ್ಲ. ಟಿ.ವಿ.ಯೂ ಕೆಟ್ಟಿಲ್ಲ. ಚಿಕ್ಕಪ್ಪ ಒತ್ತಿದ್ದು ಸರಿಯಾದ ಗುಂಡಿಯನ್ನೇ. ಉತ್ತರ ಬೇಕಿದ್ದರೆ ರಿಮೋಟಿಗೂ ಟಿ.ವಿ.ಗೂ ನಡುವೆ ಏನು ನಡೆಯುತ್ತದೆ ಎಂಬುದನ್ನು ಮೊದಲು ತಿಳಿಯಬೇಕು.

ಕಾಣದ ಬೆಳಕು

ಟಿ.ವಿ. ರಿಮೋಟಿನ ಮೂತಿಯನ್ನು ನೋಡಿ. ಹೆಸರುಕಾಳಿಗಿಂತ ಸ್ವಲ್ಪ ದೊಡ್ಡದಾದ, ಗಾಜಿನಂತಹ ಒಂದು ಪುಟ್ಟ ಬಲ್ಬು ಕಾಣುತ್ತದೆ. ಇದೊಂದು ಎಲ್.ಇ.ಡಿ. ಗುಂಡಿ ಒತ್ತಿ ಅದನ್ನೇ ದಿಟ್ಟಿಸಿದರೂ ಏನೂ ಕಾಣುವುದಿಲ್ಲ. ಈಗ ಮನೆಯ ಹಿರಿಯರ ಮೊಬೈಲು ಕೇಳಿ ಪಡೆಯಿರಿ. ಸ್ವಂತ ಫೋಟೊ ತೆಗೆದುಕೊಳ್ಳುವ ಮುಂಬದಿಯ ಕ್ಯಾಮೆರಾ ತೆರೆದು, ಸ್ವಲ್ಪ ಕತ್ತಲಿರುವ ಕೋಣೆಯಲ್ಲಿ ರಿಮೋಟಿನ ಮೂತಿಯನ್ನು ಅದರ ಎದುರು ಹಿಡಿದು ಗುಂಡಿ ಒತ್ತಿ. ಪರದೆಯ ಮೇಲೆ ಆ ಬಲ್ಬು ತೆಳು ನೇರಳೆ ಅಥವಾ ಬಿಳಿ ಬಣ್ಣದಲ್ಲಿ ಮಿಣಮಿಣ ಎನ್ನುವುದು ಕಾಣುತ್ತದೆ! ಹಿಂಬದಿಯ ಕ್ಯಾಮೆರಾದಲ್ಲಿ ಕಾಣದಿದ್ದರೆ ಬೇಸರಿಸಬೇಡಿ. ಅನೇಕ ಮೊಬೈಲುಗಳಲ್ಲಿ ಆ ಕ್ಯಾಮೆರಾಕ್ಕೆ ಇಂತಹ ಬೆಳಕನ್ನು ತಡೆಯುವ ಸೋಸುಗಾಜು ಹಾಕಿರುತ್ತಾರೆ.

ಅದು ಅವಕೆಂಪು ಬೆಳಕು. ಕಾಮನಬಿಲ್ಲಿನಲ್ಲಿ ಕೆಂಪು ಪಟ್ಟೆ ಮುಗಿದ ಮೇಲೂ ಬೆಳಕು ಮುಗಿಯುವುದಿಲ್ಲ, ನಮ್ಮ ಕಣ್ಣಿನ ಶಕ್ತಿ ಅಲ್ಲಿಗೆ ಮುಗಿಯುತ್ತದೆ, ಅಷ್ಟೆ. ಇದನ್ನು ಮೊದಲು ಕಂಡುಕೊಂಡವನು ಇಂಗ್ಲೆಂಡಿನಲ್ಲಿದ್ದ ಖಗೋಳಜ್ಞ ವಿಲಿಯಂ ಹರ್ಷೆಲ್, 1800ರಲ್ಲಿ. ಯುರೇನಸ್ ಗ್ರಹವನ್ನು ಕಂಡುಹಿಡಿದವನೂ ಇವನೇ. ಬಿಸಿಲನ್ನು ಪಟ್ಟಕದ ಮೂಲಕ ಹಾಯಿಸಿ, ಒಡೆದು ಹರಡಿದ ಬಣ್ಣಗಳಲ್ಲಿ ಒಂದೊಂದು ಕಡೆ ಉಷ್ಣತಾಮಾಪಕವನ್ನಿಟ್ಟು ಅವನು ಬಿಸಿ ಅಳೆಯುತ್ತಿದ್ದ. ಕೆಂಪಿನ ಆಚೆ, ಏನೂ ಕಾಣದ ಜಾಗದಲ್ಲಿಟ್ಟ ಉಷ್ಣತಾಮಾಪಕ ಎಲ್ಲಕ್ಕಿಂತ ಹೆಚ್ಚು ಏರಿತು. ಕಣ್ಣಿಗೆ ಕಾಣದ ಏನೋ ಅಲ್ಲಿ ಬೀಳುತ್ತಿದೆ ಎಂದು ಅವನಿಗೆ ಹೊಳೆಯಿತು. ನಮ್ಮ ಕಣ್ಣಿಗೆ ಕಾಣುವ ಕೆಂಪಿನ ತರಂಗದೂರ ಸುಮಾರು 700 ನ್ಯಾನೋಮೀಟರಿಗೆ ಮುಗಿದರೆ, ಹೆಚ್ಚಿನ ರಿಮೋಟ್‌ಗಳ ಬೆಳಕಿನದು ಸುಮಾರು 940 ನ್ಯಾನೋಮೀಟರ್.

ಕಾಣದಿದ್ದರೂ ಇದು ಬೆಳಕೇ. ಆದ್ದರಿಂದ ಗೋಡೆಯನ್ನು ತೂರಿಹೋಗುವುದಿಲ್ಲ. ಆದರೆ ಸುಣ್ಣ ಬಳಿದ ಗೋಡೆಗೋ ಸೂರಿಗೋ ತಗುಲಿ ಪ್ರತಿಫಲಿಸುತ್ತದೆ. ರಿಮೋಟನ್ನು ಹಿಂದಕ್ಕೆ ತಿರುಗಿಸಿ ಒತ್ತಿದರೂ ಕೆಲವೊಮ್ಮೆ ಚಾನೆಲ್ ಬದಲಾಗುವುದು ಇದರಿಂದಲೇ.

ಬಿಸಿಲು ಚಾನೆಲ್ ಬದಲಿಸಿದ ಕಾಲ

ಕೋಣೆಯಲ್ಲಿ ಅವಕೆಂಪು ಬೆಳಕು ರಿಮೋಟಿನದು ಮಾತ್ರವೇ? ಅಲ್ಲ. ಕಿಟಕಿಯಿಂದ ಬೀಳುವ ಬಿಸಿಲಿನಲ್ಲಿ ಅದು ಧಾರಾಳವಾಗಿದೆ. ಒಲೆಯಿಂದಲೂ ಬರುತ್ತದೆ. ದೇವರ ದೀಪದಿಂದಲೂ ಬರುತ್ತದೆ. ಹಾಗಿದ್ದರೆ ದೀಪ ಹಚ್ಚಿದಾಗ ಟಿ.ವಿ.ಯ ಚಾನೆಲ್ ಏಕೆ ಬದಲಾಗುವುದಿಲ್ಲ?

ಹಿಂದೊಮ್ಮೆ ಇಂತಹ ಫಜೀತಿ ಆಗಿತ್ತು! ಅಮೆರಿಕದ ಷಿಕಾಗೋ ನಗರದಲ್ಲಿ ಜೆನಿತ್ ಎಂಬ ಟಿ.ವಿ. ಕಂಪನಿಯಿತ್ತು. ಅದು 1950ರಲ್ಲಿ ಹೊರತಂದ ರಿಮೋಟಿಗೆ ಟಿ.ವಿ.ವರೆಗೂ ಉದ್ದನೆಯ ತಂತಿ ಇತ್ತು. ಜನ ಅದಕ್ಕೆ ಕಾಲು ಸಿಕ್ಕಿಸಿಕೊಂಡು ಎಡವುತ್ತಿದ್ದರು. 1955ರಲ್ಲಿ ಆ ಕಂಪನಿಯ ಯೂಜೀನ್ ಪಾಲಿ ಎಂಬ ಎಂಜಿನಿಯರ್ ತಂತಿಯಿಲ್ಲದ ರಿಮೋಟನ್ನು ಮಾಡಿದರು. ಅದು ಒಂದು ಟಾರ್ಚ್‌ನಂತೆ ಇತ್ತು. ಟಿ.ವಿ.ಯ ನಾಲ್ಕು ಮೂಲೆಗಳಲ್ಲಿ ಬೆಳಕನ್ನು ಗುರುತಿಸುವ ನಾಲ್ಕು ಕಣ್ಣುಗಳು. ಒಂದಕ್ಕೆ ಬೆಳಕು ಬಿಟ್ಟರೆ ಟಿ.ವಿ. ಹತ್ತುವುದು ಅಥವಾ ಆರುವುದು, ಇನ್ನೊಂದಕ್ಕೆ ಬಿಟ್ಟರೆ ಶಬ್ದ ಅಡಗುವುದು, ಉಳಿದೆರಡಕ್ಕೆ ಬಿಟ್ಟರೆ ಚಾನೆಲ್ ಅತ್ತ ಇತ್ತ ತಿರುಗುವುದು. ಚೆನ್ನಾಗಿಯೇ ಇತ್ತು. ಆದರೆ ಕಿಟಕಿಯ ಬಿಸಿಲು ಬಂದು ಆ ಕಣ್ಣಿನ ಮೇಲೆ ಬಿದ್ದರೆ? ಟಿ.ವಿ.ಗೆ ಬಿಸಿಲು ಯಾವುದು, ಟಾರ್ಚು ಯಾವುದು ಎಂಬ ಭೇದ ತಿಳಿಯುತ್ತಿರಲಿಲ್ಲ.

ಮರುವರ್ಷ, 1956ರಲ್ಲಿ, ಅದೇ ಕಂಪನಿಯ ರಾಬರ್ಟ್ ಆಡ್ಲರ್ ಬೆಳಕನ್ನೇ ಬಿಟ್ಟು ಶಬ್ದವನ್ನು ಹಿಡಿದರು. ಅವರ ರಿಮೋಟಿನಲ್ಲಿ ಸೆಲ್ಲೇ ಇರಲಿಲ್ಲ! ಗುಂಡಿ ಒತ್ತಿದರೆ ಒಳಗಿನ ಪುಟ್ಟ ಸುತ್ತಿಗೆ ಅಲ್ಯೂಮಿನಿಯಂ ಸರಳಿಗೆ ಟಕ್ಕೆಂದು ಬಡಿಯುವುದು. ಆ ಸರಳು ನಮ್ಮ ಕಿವಿಗೆ ಕೇಳದ ಶ್ರವಣಾತೀತ ಶಬ್ದವನ್ನು ಹೊರಡಿಸುವುದು. ಉದ್ದ ಬೇರೆ ಬೇರೆಯಾದ ಸರಳು, ಬೇರೆ ಬೇರೆ ಕೆಲಸ. ಈ ಬಗೆಯ ರಿಮೋಟ್ ಸುಮಾರು ಕಾಲು ಶತಮಾನ ನಡೆಯಿತು. ಇದಕ್ಕೂ ಒಂದು ಕಾಟವಿತ್ತು. ಬೀಗದ ಕೈ ಗೊಂಚಲು ಝಣಝಣ ಅಂದರೂ ಅದರಲ್ಲಿ ಅಂತಹದೇ ಶಬ್ದ ಸೇರಿಕೊಂಡು ಟಿ.ವಿ. ಮೋಸಹೋಗುತ್ತಿತ್ತು.

ಹೀಗೆ ಎರಡು ಸಲ ಪೆಟ್ಟು ತಿಂದ ಮೇಲೆ ಉಳಿದ ದಾರಿ ಯಾವುದು? ಬಿಸಿಲು, ಬೆಂಕಿ, ಬೀಗದ ಕೈ ಯಾವುದೂ ಆಕಸ್ಮಿಕವಾಗಿಯೂ ಹೇಳಲಾರದಂತಹ ಮಾತನ್ನು ರಿಮೋಟ್ ಆಡಬೇಕು.

ಮಿಣುಕಿನ ಭಾಷೆ

ಇಂದಿನ ರಿಮೋಟಿನ ಬೆಳಕು ಒಂದೇ ಸಮನೆ ಉರಿಯುವುದಿಲ್ಲ. ಅದು ಸೆಕೆಂಡಿಗೆ ಸುಮಾರು 38,000 ಸಲ ಹತ್ತಿ ಆರುತ್ತದೆ. ಬಿಸಿಲು ಹಾಗೆ ಮಿಣುಕುವುದಿಲ್ಲ, ದೀಪವೂ ಮಿಣುಕುವುದಿಲ್ಲ. ಟಿ.ವಿ.ಯ ಕೆಳ ಅಂಚಿನಲ್ಲಿ ಕಪ್ಪು ಕಿಟಕಿಯಂತಹ ಚುಕ್ಕೆಯ ಹಿಂದೆ ಕೂತಿರುವ ಗ್ರಾಹಕ ಎಂಬ ಭಾಗ ಇಷ್ಟು ವೇಗದ ಮಿಣುಕಿಗೆ ಮಾತ್ರ ಗಮನ ಕೊಡುತ್ತದೆ, ಉಳಿದ ಬೆಳಕನ್ನೆಲ್ಲ ತಳ್ಳಿಬಿಡುತ್ತದೆ. ಜಾತ್ರೆಯ ಗದ್ದಲದಲ್ಲೂ ನಮ್ಮ ಊರಿನ ತಮಟೆಯ ಪೆಟ್ಟನ್ನು ನಾವು ಗುರುತಿಸುವುದಿಲ್ಲವೇ, ಹಾಗೆ.

ಇಷ್ಟಾದರೆ 'ಯಾರೋ ಕರೆಯುತ್ತಿದ್ದಾರೆ' ಎಂದು ತಿಳಿಯಿತು. ಏನು ಹೇಳುತ್ತಿದ್ದಾರೆ ಎಂದು ತಿಳಿಯುವುದು ಹೇಗೆ? ಅದಕ್ಕೆ ಮಿಣುಕುಗಳ ನಡುವಿನ ಬಿಡುವನ್ನು ಬಳಸುತ್ತಾರೆ. ಜಪಾನಿನ ಎನ್.ಇ.ಸಿ. ಕಂಪನಿ ರೂಪಿಸಿದ, ಬಹಳ ಉಪಕರಣಗಳಲ್ಲಿ ಬಳಕೆಯಾಗುವ ಒಂದು ಭಾಷೆ ಹೀಗಿದೆ. ಮೊದಲು 9 ಮಿಲಿಸೆಕೆಂಡ್ ಒಂದೇ ಸಮನೆ ಮಿಣುಕು, ಬಳಿಕ 4.5 ಮಿಲಿಸೆಕೆಂಡ್ ಬಿಡುವು. (ಒಂದು ಸೆಕೆಂಡಿನ ಸಾವಿರದಲ್ಲಿ ಒಂದು ಭಾಗವೇ ಮಿಲಿಸೆಕೆಂಡ್.) ಇದು 'ಕೇಳು, ಮಾತು ಶುರುವಾಗುತ್ತಿದೆ' ಎಂದಂತೆ. ಆಮೇಲೆ ಚಿಕ್ಕ ಚಿಕ್ಕ ಮಿಣುಕುಗಳು. ಮಿಣುಕಿನ ನಂತರ ಅಷ್ಟೇ ಹೊತ್ತಿನ ಬಿಡುವು ಇದ್ದರೆ ಅದು 0. ಮೂರು ಪಟ್ಟು ಬಿಡುವು ಇದ್ದರೆ ಅದು 1. ಇಂತಹ ಎಂಟು ಅಂಕಿಗಳಲ್ಲಿ ಉಪಕರಣದ ವಿಳಾಸ, ಇನ್ನೆಂಟರಲ್ಲಿ ಮಾಡಬೇಕಾದ ಕೆಲಸ. ಎಂಟು ಅಂಕಿಗಳಲ್ಲಿ ಎಷ್ಟು ಬೇರೆ ಬೇರೆ ಮಾತು ಹೇಳಬಹುದು? ಎರಡನ್ನು ಎಂಟು ಸಲ ಗುಣಿಸಿ: 256. ಒಂದು ರಿಮೋಟಿನ ಗುಂಡಿಗಳಿಗೆ ಅದು ಬೇಕಾದಷ್ಟಾಯಿತು.

ಇದರಲ್ಲೊಂದು ಜಾಣತನವಿದೆ, ಗಮನಿಸಿ. ವಿಳಾಸವನ್ನು ಒಮ್ಮೆ ಹೇಳಿದ ಮೇಲೆ ಅದನ್ನೇ ತಿರುವುಮುರುವು ಮಾಡಿ, ಅಂದರೆ 0 ಇದ್ದಲ್ಲಿ 1, 1 ಇದ್ದಲ್ಲಿ 0 ಇಟ್ಟು, ಮತ್ತೊಮ್ಮೆ ಹೇಳುತ್ತದೆ. ಕೆಲಸವನ್ನೂ ಹಾಗೆಯೇ ಎರಡು ಸಲ. ಟಿ.ವಿ. ಎರಡನ್ನೂ ತಾಳೆ ನೋಡುತ್ತದೆ. ನಡುವೆ ಬೆಕ್ಕು ಅಡ್ಡ ಹೋಗಿ ಒಂದು ಮಿಣುಕು ತಪ್ಪಿದ್ದರೆ ತಾಳೆಯಾಗುವುದಿಲ್ಲ. ಆಗ ಟಿ.ವಿ. ಸುಮ್ಮನಿರುತ್ತದೆ. ತಪ್ಪು ತಿಳಿದು ಇನ್ನೇನೋ ಮಾಡುವುದಕ್ಕಿಂತ ಸುಮ್ಮನಿರುವುದು ಮೇಲು ತಾನೆ?

ಒಂದು ಲೆಕ್ಕ ಮಾಡೋಣ. ಒಂದು 0 ಹೇಳಲು 1.125 ಮಿಲಿಸೆಕೆಂಡ್, ಒಂದು 1 ಹೇಳಲು 2.25 ಮಿಲಿಸೆಕೆಂಡ್ ಬೇಕು. ಒಟ್ಟು 32 ಅಂಕಿಗಳು. ತಿರುವುಮುರುವು ಮಾಡಿ ಹೇಳುವುದರಿಂದ ಯಾವ ಗುಂಡಿ ಒತ್ತಿದರೂ ಅದರಲ್ಲಿ 16 ಸೊನ್ನೆ, 16 ಒಂದು ಇದ್ದೇ ಇರುತ್ತವೆ. ಸೊನ್ನೆಗಳಿಗೆ 18, ಒಂದುಗಳಿಗೆ 36, ಆರಂಭಕ್ಕೆ 13.5. ಕೂಡಿಸಿದರೆ 67.5 ಮಿಲಿಸೆಕೆಂಡ್. ಕಣ್ಣು ಮಿಟುಕಿಸುವುದರೊಳಗೆ ಮಾತು ಮುಗಿದಿರುತ್ತದೆ.

ಆದರೆ ಎಲ್ಲ ಕಂಪನಿಗಳೂ ಇದೇ ಭಾಷೆಯನ್ನಾಡುವುದಿಲ್ಲ. ಫಿಲಿಪ್ಸ್ ಕಂಪನಿಯ ಒಂದು ಹೆಸರಾಂತ ಭಾಷೆಯಲ್ಲಿ ಮಿಣುಕು ಸೆಕೆಂಡಿಗೆ 36,000 ಸಲ, ಸೋನಿಯದರಲ್ಲಿ 40,000 ಸಲ. ಅಂಕಿಗಳ ಸಂಖ್ಯೆಯೂ ಬೇರೆ. ಕನ್ನಡ ಬಲ್ಲವರ ಎದುರು ಜಪಾನಿ ಮಾತಾಡಿದಂತೆ, ಒಂದರ ರಿಮೋಟಿಗೆ ಇನ್ನೊಂದು ಜಪ್ಪಯ್ಯ ಎನ್ನುವುದಿಲ್ಲ. ಭಾಷೆಯೂ ವಿಳಾಸವೂ ಒಂದೇ ಆಗಿದ್ದರೆ ಮಾತ್ರ ತಮಾಷೆ. ಪಕ್ಕದ ಮನೆಯಲ್ಲೂ ನಿಮ್ಮದೇ ಮಾದರಿಯ ಸೆಟ್ ಟಾಪ್ ಬಾಕ್ಸ್ ಇದ್ದರೆ, ಅವರ ರಿಮೋಟ್ ನಿಮ್ಮ ಕಿಟಕಿಯಿಂದಲೂ ಕೆಲಸ ಮಾಡೀತು. (ಇದನ್ನು ಓದಿ ಕೆಲವರಿಗೆ ಏನೋ ಹೊಳೆದಿರಬೇಕು. ಬೇಡ, ಬೈಸಿಕೊಳ್ಳುತ್ತೀರಿ.)

ಗಿಳಿಪಾಠ

ಹಾಗಾದರೆ ಎಲ್ಲ ಭಾಷೆಗಳನ್ನೂ ಬಲ್ಲ ಒಂದೇ ರಿಮೋಟ್ ಏಕಿರಬಾರದು? ಈ ಯೋಚನೆ ಹಳೆಯದು. 1985ರಲ್ಲೇ ಫಿಲಿಪ್ಸ್ ಕಂಪನಿ ಅಮೆರಿಕದಲ್ಲಿ ಅಂತಹದೊಂದನ್ನು ಮಾರಾಟಕ್ಕೆ ತಂದಿತು. ಆಪಲ್ ಕಂಪ್ಯೂಟರ್ ಕಂಪನಿಯನ್ನು ಕಟ್ಟಿದವರಲ್ಲಿ ಒಬ್ಬರಾದ ಸ್ಟೀವ್ ವಾಜ್ನಿಯಾಕ್ ಕೂಡ 1987ರಲ್ಲಿ ಒಂದನ್ನು ಹೊರತಂದರು. ಇವಕ್ಕೆ ಯೂನಿವರ್ಸಲ್ ರಿಮೋಟ್ ಎಂದು ಹೆಸರು.

ಇದು ಭಾಷೆ ಕಲಿಯುವುದು ಎರಡು ವಿಧದಲ್ಲಿ. ಒಂದು, ನೂರಾರು ಕಂಪನಿಗಳ ಸಂಕೇತಗಳ ಪಟ್ಟಿಯನ್ನು ಮೊದಲೇ ತುಂಬಿಟ್ಟಿರುತ್ತಾರೆ. ನೀವು ಟಿ.ವಿ.ಯ ಹೆಸರನ್ನು ಆರಿಸಿದರೆ ಅದು ಒಂದೊಂದೇ ಸಂಕೇತವನ್ನು ಹೊರಡಿಸಿ 'ಟಿ.ವಿ. ಏನಾದರೂ ಮಾಡಿತೇ?' ಎಂದು ನಿಮ್ಮನ್ನೇ ಕೇಳುತ್ತದೆ. ಎರಡನೆಯದು ಇನ್ನೂ ಸೊಗಸು. ಹಳೆಯ ರಿಮೋಟನ್ನು ಇದರ ಎದುರು ಹಿಡಿದು ಗುಂಡಿ ಒತ್ತಬೇಕು. ಎಷ್ಟು ಹೊತ್ತು ಮಿಣುಕು, ಎಷ್ಟು ಹೊತ್ತು ಬಿಡುವು ಎಂಬುದನ್ನು ಅದು ಅಳೆದು ನೆನಪಿಟ್ಟುಕೊಂಡು, ಬೇಕೆಂದಾಗ ಹಾಗೆಯೇ ಒಪ್ಪಿಸುತ್ತದೆ. ಅರ್ಥ ಗೊತ್ತಿದೆಯೇ? ಇಲ್ಲ. ಅಪ್ಪಟ ಗಿಳಿಪಾಠ.

ಏ.ಸಿ. ರಿಮೋಟಿನದು ಮಾತ್ರ ಸ್ವಲ್ಪ ಬೇರೆ ರೀತಿ. ಟಿ.ವಿ. ರಿಮೋಟ್ ಒಂದೊಂದೇ ಪದ ಹೇಳಿದರೆ, ಸಾಮಾನ್ಯವಾಗಿ ಇದು ಪ್ರತಿ ಸಲವೂ ಪೂರ್ತಿ ಕಾಗದವನ್ನೇ ಓದುತ್ತದೆ: 'ಹತ್ತಿಕೋ, 25 ಡಿಗ್ರಿಗೆ ನಿಲ್ಲು, ಫ್ಯಾನು ನಿಧಾನ' ಎಂದು. ಒಂದು ಡಿಗ್ರಿ ಏರಿಸಿದರೂ ಇಡೀ ಕಾಗದ ಮತ್ತೊಮ್ಮೆ. ಆದ್ದರಿಂದ ಅದರ ಮಾತು ಉದ್ದ, ಕಲಿಸುವುದೂ ಕಷ್ಟ. ಆದರೆ ಈ ಕಾಗದದ ಪದ್ಧತಿಯಿಂದ ಒಂದು ದೊಡ್ಡ ಲಾಭವಿದೆ. ಅದನ್ನು ಮುಂದೆ ನೋಡೋಣ.

ಬೆಂಗಳೂರಿನಿಂದ ಹಜಾರಕ್ಕೆ

ಚಿಕ್ಕಪ್ಪ ತಂದ ಡಬ್ಬಿ ಇದೇ ಯೂನಿವರ್ಸಲ್ ರಿಮೋಟ್. ಜೊತೆಗೆ ಎರಡು ಸೇರ್ಪಡೆಗಳು. ಸುತ್ತಲೂ ಬೆಳಕು ಚೆಲ್ಲುವಂತೆ ಹಲವು ಎಲ್.ಇ.ಡಿ.ಗಳು, ಮತ್ತು ವೈ-ಫೈ. ಅವರು ಬೆಂಗಳೂರಿನಲ್ಲಿ ಗುಂಡಿ ಒತ್ತಿದಾಗ ಆಜ್ಞೆ ಮೊಬೈಲಿನಿಂದ ಇಂಟರ್ನೆಟ್ಟಿಗೆ ಹೊರಟು, ಸಾಮಾನ್ಯವಾಗಿ ಡಬ್ಬಿ ತಯಾರಿಸಿದ ಕಂಪನಿಯ ಕಂಪ್ಯೂಟರನ್ನು ಹಾದು, ನಿಮ್ಮ ಮನೆಯ ವೈ-ಫೈಗೆ ಬಂದು, ಅಲ್ಲಿಂದ ರೇಡಿಯೋ ಅಲೆಯಾಗಿ ಡಬ್ಬಿಯನ್ನು ಮುಟ್ಟುತ್ತದೆ. ಕೊನೆಯ ಎರಡು ಮಾರು ದೂರವನ್ನು ಮಾತ್ರ ಅದೇ ಹಳೆಯ ಕಾಣದ ಬೆಳಕು ದಾಟಿಸುತ್ತದೆ. ಇದರಲ್ಲಿ ಒಂದು ಕೊಂಡಿ ಕಳಚಿದರೂ ಕೆಲಸ ಕೆಟ್ಟಿತು. ಕರೆಂಟು ಹೋದರೆ ಇಲ್ಲ. ಇಂಟರ್ನೆಟ್ ನಿಂತರೆ ಬೆಂಗಳೂರಿನಿಂದ ಇಲ್ಲ. ಪಕ್ಕದ ಕೋಣೆಯ ಫ್ಯಾನಿಗೂ ಇಲ್ಲ, ಏಕೆಂದರೆ ನಡುವೆ ಗೋಡೆಯಿದೆ. ಗೋಡೆಯ ಸ್ವಿಚ್ಚನ್ನೇ ಆರಿಸಿದ್ದರೆ ಟಿ.ವಿ.ಗೆ ಕೇಳುವ ಶಕ್ತಿಯೇ ಇರುವುದಿಲ್ಲ. ಇನ್ನು ಮಿಕ್ಸಿ, ಮಾಮೂಲಿ ಟ್ಯೂಬ್‌ಲೈಟು, ಇಸ್ತ್ರಿಪೆಟ್ಟಿಗೆ ಇಂತಹವಕ್ಕೆ ಗ್ರಾಹಕವೇ ಇಲ್ಲ. ಎಷ್ಟು ಮಿಣುಕಿದರೂ ಕಲ್ಲಿನೆದುರು ಕಿನ್ನರಿ ಬಾರಿಸಿದ ಹಾಗೆ.

ಒಂದೇ ಗುಂಡಿಗೆ ಹಲವು ಕೆಲಸಗಳನ್ನು ಕಟ್ಟಿಯೂ ಇಡಬಹುದು. 'ಮಲಗುವ ಹೊತ್ತು' ಎಂದು ಒತ್ತಿದರೆ ಟಿ.ವಿ. ಆರುವುದು, ಸೆಟ್ ಟಾಪ್ ಬಾಕ್ಸ್ ಆರುವುದು, ಫ್ಯಾನು ನಿಧಾನವಾಗುವುದು. ಹೊತ್ತನ್ನು ಮೊದಲೇ ಗೊತ್ತುಮಾಡಬಹುದು. ಬಾಯಲ್ಲಿ ಹೇಳಿದರೆ ಕೇಳುವಂತೆಯೂ ಮಾಡಬಹುದು. ಕೈಕಾಲು ಗಟ್ಟಿಯಿರುವ ನಮಗೆ ಇದೆಲ್ಲ ಸೋಮಾರಿತನದ ಸಾಧನ ಅನ್ನಿಸೀತು. ಆದರೆ ಮಂಡಿನೋವಿನ ಅಜ್ಜಿಗೆ, ಪಾರ್ಶ್ವವಾಯು ಬಡಿದು ಮಲಗಿದವರಿಗೆ, ಕೈ ಸ್ವಾಧೀನವಿಲ್ಲದ ಹುಡುಗನಿಗೆ ಯಾರನ್ನೂ ಕರೆಯದೆ ಫ್ಯಾನು ಹಾಕಿಕೊಳ್ಳುವುದು ಸಣ್ಣ ಸಂಗತಿಯಲ್ಲ. ನನ್ನ ಮಟ್ಟಿಗೆ ಈ ಡಬ್ಬಿಯ ನಿಜವಾದ ಬೆಲೆ ಅಲ್ಲಿದೆ.

ಟಿ.ವಿ. ಕಿರುಚಿದ್ದೇಕೆ?

ಈಗ ಅಜ್ಜಿಯ ಪ್ರಶ್ನೆಗೆ ಬರೋಣ. ಟಿ.ವಿ. ರಿಮೋಟಿನಲ್ಲಿ ಕೆಂಪು ಗುಂಡಿ ಎಷ್ಟಿರುತ್ತದೆ? ಒಂದೇ. ಹಚ್ಚಲೂ ಅದೇ, ಆರಿಸಲೂ ಅದೇ. ಅದರ ಸಂಕೇತದ ಅರ್ಥ 'ಆರು' ಎಂದಲ್ಲ, 'ಹತ್ತು' ಎಂದೂ ಅಲ್ಲ. 'ಈಗ ಹೇಗಿದ್ದೀಯೋ ಅದಕ್ಕೆ ವಿರುದ್ಧವಾಗು' ಎಂದು! ಟಿ.ವಿ. ಎದುರು ಕೂತವರಿಗೆ ಇದರಿಂದ ತೊಂದರೆಯಿಲ್ಲ, ಹತ್ತಿದೆಯೋ ಆರಿದೆಯೋ ಕಣ್ಣಿಗೆ ಕಾಣುತ್ತದೆ. ಬೆಂಗಳೂರಿನಲ್ಲಿರುವ ಚಿಕ್ಕಪ್ಪನಿಗೆ ಕಾಣುವುದಿಲ್ಲ.

ಡಬ್ಬಿಗಾದರೂ ಗೊತ್ತಿರಬೇಡವೇ? ಇಲ್ಲ. ಅದಕ್ಕೆ ಮಿಣುಕುವ ಬಾಯಿ ಇದೆ, ಟಿ.ವಿ. ಏನು ಮಾಡಿತು ಎಂದು ಕೇಳುವ ಕಿವಿಯಿಲ್ಲ. ಹಳೆಯ ರಿಮೋಟಿನ ಪಾಠ ಕಲಿಯುವಾಗ ಅದು ಬೆಳಕನ್ನು ನೋಡಿತ್ತು, ನಿಜ. ಆದರೆ ಟಿ.ವಿ. ಎಂದೂ ಬೆಳಕಿನಲ್ಲಿ ಉತ್ತರ ಕೊಡುವುದಿಲ್ಲವಲ್ಲ! ಹಾಗಾದರೆ ಮೊಬೈಲಿನ ಪರದೆಯ ಮೇಲೆ 'ಟಿ.ವಿ. ಚಾಲೂ ಇದೆ' ಎಂದು ಬರೆದಿತ್ತಲ್ಲ? ಅದು ಬರೀ ಹಿಂದಿನ ಲೆಕ್ಕ. ಕಳೆದ ಸಲ ಮೊಬೈಲಿನಿಂದ ಹಚ್ಚಿದ್ದರಿಂದ ಇನ್ನೂ ಹತ್ತಿಯೇ ಇದೆ ಎಂದು ಅದು ನಂಬಿ ಕೂತಿತ್ತು. ಅಜ್ಜಿ ಹಳೆಯ ರಿಮೋಟಿನಿಂದ ಆರಿಸಿದ್ದು ಅದಕ್ಕೆ ತಿಳಿಯಲಿಲ್ಲ. ಕರೆಂಟು ಹೋಗಿ ಬರುವ ಊರುಗಳಲ್ಲಿ ಈ ಲೆಕ್ಕ ಇನ್ನೂ ಬೇಗ ಎಡವಟ್ಟಾಗುತ್ತದೆ.

ಏ.ಸಿ. ರಿಮೋಟಿನ ಲಾಭ ಇಲ್ಲಿದೆ ನೋಡಿ. ಅದು ಕಾಗದದಲ್ಲಿ 'ಆರು' ಎಂದೇ ಬರೆದು ಕಳಿಸುತ್ತದೆ. ಆರಿರುವ ಏ.ಸಿ.ಗೆ ಹತ್ತು ಸಲ 'ಆರು' ಎಂದರೂ ಅದು ಹತ್ತಿಕೊಳ್ಳುವುದಿಲ್ಲ. ಆದರೂ ಕಾಗದ ತಲುಪಿತೋ ಇಲ್ಲವೋ ಎಂದು ಅದಕ್ಕೂ ತಿಳಿಯದು. ರಿಮೋಟಿನ ಪುಟ್ಟ ಪರದೆ 25 ಎಂದು ತೋರಿಸಿದರೆ ಅದು ಕೋಣೆಯ ಉಷ್ಣತೆಯಲ್ಲ, ರಿಮೋಟ್ ಕೇಳಿದ ಉಷ್ಣತೆ.

ಉತ್ತರ ಕೊಡುವ ಸಾಧನಗಳೂ ಇವೆ. ನಿಮ್ಮಲ್ಲಿ ಕೆಲವರ ತೋಟದ ಪಂಪ್‌ಸೆಟ್ಟಿಗೆ ಮೊಬೈಲ್ ಸ್ಟಾರ್ಟರ್ ಹಾಕಿಸಿರಬಹುದು. ರಾತ್ರಿ ಹೊತ್ತು ತ್ರೀಫೇಸ್ ಕರೆಂಟು ಬಂದಾಗ ಹಾವು ಹುಳಕ್ಕೆ ಹೆದರುತ್ತ ಕತ್ತಲಲ್ಲಿ ಹೋಗುವ ಬದಲು ಅಪ್ಪ ಮನೆಯಿಂದಲೇ ಫೋನು ಮಾಡಿ ಮೋಟಾರು ಹಾಕುತ್ತಾರೆ. ಅಲ್ಲೂ ಕುರುಡಾಗಿ ಆಜ್ಞೆ ಕೊಟ್ಟರೆ ಅನಾಹುತ. ಆದ್ದರಿಂದ ಅನೇಕ ಮೊಬೈಲ್ ಸ್ಟಾರ್ಟರ್‌ಗಳು ಮೋಟಾರಿಗೆ ಹರಿಯುವ ಕರೆಂಟನ್ನು ಅಳೆದು 'ಮೋಟಾರು ಓಡುತ್ತಿದೆ', 'ಕರೆಂಟಿಲ್ಲ' ಎಂದು ತಿರುಗಿ ಸುದ್ದಿ ಕಳಿಸುತ್ತವೆ. ಮನೆಯಲ್ಲಿ ಬಳಸುವ ಕೆಲವು ಸ್ಮಾರ್ಟ್ ಪ್ಲಗ್ಗುಗಳೂ ಹಾಗೆಯೇ ಕರೆಂಟನ್ನು ಅಳೆಯುತ್ತವೆ. ವೈ-ಫೈ ಇರುವ ಹೊಸ ಟಿ.ವಿ.ಗಳು ತಾವೇ ಉತ್ತರ ಕೊಡಬಲ್ಲವು.

ಅಜ್ಜಿಯ ಮನೆಯಲ್ಲಿ ಅಂತಹದೇನೂ ಇಲ್ಲ. ಆದ್ದರಿಂದ ಚಿಕ್ಕಪ್ಪ ಈಗ ಮೊದಲು ಫೋನು ಮಾಡಿ "ಅಮ್ಮಾ, ಟಿ.ವಿ. ನಡೀತಾ ಇದೆಯಾ?" ಎಂದು ಕೇಳುತ್ತಾರೆ. "ಅಷ್ಟು ಕೇಳೋ ಹೊತ್ತಿಗೆ ನಾನೇ ಆರಿಸ್ತೀನಿ ಬಿಡು" ಎನ್ನುತ್ತಾರೆ ಅಜ್ಜಿ.

ಆರಿದ್ದು ಪೂರಾ ಆರಿಲ್ಲ

ರಿಮೋಟಿನಿಂದ ಆರಿಸಿದ ಟಿ.ವಿ.ಯ ಮೂಲೆಯಲ್ಲಿ ಸಾಮಾನ್ಯವಾಗಿ ಒಂದು ಕೆಂಪು ಚುಕ್ಕೆ ಉಳಿಯುತ್ತದೆ. ನಿದ್ದೆ ಮಾಡುವ ನಾಯಿಯ ಕಿವಿ ಎಚ್ಚರವಾಗಿರುವಂತೆ ಅದರ ಗ್ರಾಹಕ ಎಚ್ಚರವಾಗಿದೆ ಎಂದರ್ಥ. ಅದಕ್ಕೆ ಕರೆಂಟು ಬೇಕು. 1 ವಾಟ್ ಎಂದುಕೊಂಡರೂ ದಿನಕ್ಕೆ 24 ಗಂಟೆ, ವರ್ಷಕ್ಕೆ 365 ದಿನ: 8,760 ವಾಟ್-ಗಂಟೆ, ಅಂದರೆ ಸುಮಾರು ಎಂಟೂಮುಕ್ಕಾಲು ಯೂನಿಟ್. ಹಲವು ಸೆಟ್ ಟಾಪ್ ಬಾಕ್ಸ್‌ಗಳು ಆರಿದಂತೆ ಕಂಡರೂ ಇದರ ಹಲವು ಪಟ್ಟು ಎಳೆಯುತ್ತವೆ. 8 ವಾಟ್ ಎಂದಿಟ್ಟುಕೊಂಡರೆ ವರ್ಷಕ್ಕೆ 70 ಯೂನಿಟ್. ಸ್ಮಾರ್ಟ್ ರಿಮೋಟ್ ತಾನೂ ಹಗಲಿರುಳು ಎಚ್ಚರವಾಗಿರುತ್ತದೆ ಎಂಬುದನ್ನು ಮರೆಯಬೇಡಿ. ಊರಿಗೆ ಹೋಗುವಾಗ ಗೋಡೆಯ ಸ್ವಿಚ್ಚನ್ನೇ ಆರಿಸಿಬಿಡಿ.

ಕರೆಂಟಿನ ಖರ್ಚಿಗಿಂತ ಮುಖ್ಯವಾದದ್ದು ಇನ್ನೊಂದಿದೆ. ರಿಮೋಟಿನಿಂದ ಆರಿಸಿದ ಉಪಕರಣದೊಳಗೆ ವಿದ್ಯುತ್ ಇದ್ದೇ ಇರುತ್ತದೆ. ರಿಮೋಟ್ ಫ್ಯಾನು ನಿಂತಿದೆ ಎಂದು ಕುರ್ಚಿ ಹತ್ತಿ ರೆಕ್ಕೆ ಒರೆಸುತ್ತಿರುವಾಗ ದೂರದಲ್ಲಿರುವ ಯಾರೋ, ಅಥವಾ ಮೊದಲೇ ಗೊತ್ತುಮಾಡಿದ ಹೊತ್ತು, ಅದನ್ನು ತಿರುಗಿಸಿಬಿಡಬಹುದು. ಅವರಿಗೆ ನೀವು ಕಾಣುವುದಿಲ್ಲ. ಆದ್ದರಿಂದ ಒರೆಸುವ ಮೊದಲು ದೊಡ್ಡವರಿಗೆ ಹೇಳಿ ಗೋಡೆಯ ಸ್ವಿಚ್ಚು ಆರಿಸಬೇಕು, ಪ್ಲಗ್ ಇದ್ದರೆ ಕಿತ್ತಿಡಬೇಕು. ಮೊಬೈಲ್ ಸ್ಟಾರ್ಟರ್ ಇರುವ ಪಂಪನ್ನು ದುರಸ್ತಿ ಮಾಡುವವರು ಫ್ಯೂಸನ್ನು ಕಿತ್ತು ಜೇಬಿಗೆ ಹಾಕಿಕೊಳ್ಳುವುದು ಇದೇ ಕಾರಣಕ್ಕೆ. ಜೇಬಿನಲ್ಲಿರುವ ಫ್ಯೂಸನ್ನು ಯಾವ ಮೊಬೈಲೂ ಹಾಕಲಾರದು.

ಮೂಲೆಗೆ ಬಿದ್ದ ರಿಮೋಟ್‌ಗಳು

ಹೊಸ ಡಬ್ಬಿ ಬಂದ ಮೇಲೆ ಹಳೆಯ ರಿಮೋಟ್‌ಗಳ ಗತಿಯೇನು? ಸಾಮಾನ್ಯವಾಗಿ ಮಗುವಿನ ಕೈಗೆ ಆಟಿಕೆಯಾಗಿ ಹೋಗುತ್ತವೆ. ಇಲ್ಲಿ ನೀವು ಬಹಳ ಎಚ್ಚರವಾಗಿರಬೇಕು. ತೆಳ್ಳನೆಯ ಪುಟ್ಟ ರಿಮೋಟ್‌ಗಳಲ್ಲಿ, ಬಣ್ಣದ ದೀಪಗಳ ರಿಮೋಟ್‌ಗಳಲ್ಲಿ, ನಾಣ್ಯದಂತೆ ದುಂಡಗಿನ ಗುಂಡಿ ಸೆಲ್ ಇರುತ್ತದೆ. ಮಗು ಅದನ್ನು ನುಂಗಿ ಅದು ಅನ್ನನಾಳದಲ್ಲಿ ಸಿಕ್ಕಿಕೊಂಡರೆ, ಒದ್ದೆಯ ಮೂಲಕ ವಿದ್ಯುತ್ ಹರಿದು ಅಲ್ಲಿ ತೀಕ್ಷ್ಣವಾದ ಕ್ಷಾರ ಉಂಟಾಗುತ್ತದೆ. ಎರಡೇ ಗಂಟೆಯಲ್ಲಿ ಒಳಗೆ ಸುಟ್ಟು ಗಾಯವಾಗಬಹುದು. ಪ್ರಾಣಕ್ಕೂ ಅಪಾಯ. 'ನಾಣ್ಯದ ಹಾಗೆ ಅದೂ ಹೊರಗೆ ಬರುತ್ತದೆ' ಎಂದು ಕಾಯುವಂತಿಲ್ಲ, ವಾಂತಿ ಮಾಡಿಸುವಂತಿಲ್ಲ. ನುಂಗಿರಬಹುದು ಎಂಬ ಸಂಶಯ ಬಂದರೂ ಸಾಕು, ಕೂಡಲೇ ಆಸ್ಪತ್ರೆಗೆ ಒಯ್ಯಬೇಕು ಎಂದು ಮನೆಯವರಿಗೆ ಹೇಳಿ. ಮೂಲೆಗಿಟ್ಟ ರಿಮೋಟ್‌ಗಳಿಂದ ದೊಡ್ಡವರ ಎದುರು ಸೆಲ್ಲುಗಳನ್ನು ಇಂದೇ ತೆಗೆಸಿ, ಮಕ್ಕಳ ಕೈಗೆ ಸಿಗದ ಕಡೆ ಇಡಿಸಿ. ಸೆಲ್ ಖಾಲಿಯಾಗಿದ್ದರೂ ಅಪಾಯ ತಪ್ಪಿದ್ದಲ್ಲ.

ಮಾಡಿ ನೋಡಿ

ಟಿ.ವಿ. ರಿಮೋಟಿನ ಮೂತಿಗೆ ಒಂದೊಂದಾಗಿ ಇವನ್ನು ಅಡ್ಡ ಹಿಡಿದು ಒತ್ತಿ: ನಿಮ್ಮ ಅಂಗೈ, ಒಂದು ಹಾಳೆ ಕಾಗದ, ನೋಟ್‌ಬುಕ್ಕಿನ ರಟ್ಟು, ನೀರು ತುಂಬಿದ ಗಾಜಿನ ಲೋಟ, ಬಣ್ಣದ ಪ್ಲಾಸ್ಟಿಕ್ ಹಾಳೆ. ಯಾವುದನ್ನು ದಾಟಿ ಹೋಯಿತು? ಕಣ್ಣಿಗೆ ಪಾರದರ್ಶಕವಾದದ್ದೆಲ್ಲ ಅವಕೆಂಪು ಬೆಳಕಿಗೂ ಪಾರದರ್ಶಕವೇ? ಟಿ.ವಿ.ಗೆ ಬೆನ್ನು ಮಾಡಿ ನಿಂತು, ಎದುರಿನ ಗೋಡೆಗೆ ಒಂದು ಸಲ, ಸ್ಟೀಲ್ ತಟ್ಟೆಗೆ ಒಂದು ಸಲ, ಕಪ್ಪು ಕಂಬಳಿಗೆ ಒಂದು ಸಲ ಗುರಿ ಹಿಡಿದು ಒತ್ತಿ. ಕಂಡದ್ದನ್ನು ಬರೆದಿಡಿ.

ಇನ್ನೊಂದು ಆಟ ತರಗತಿಯಲ್ಲಿ. ಇಬ್ಬರು ಸೇರಿ ಚಪ್ಪಾಳೆಯ ಭಾಷೆ ಮಾಡಿಕೊಳ್ಳಿ. ಚಪ್ಪಾಳೆಯ ನಂತರ ಚಿಕ್ಕ ಬಿಡುವಾದರೆ 0, ಉದ್ದ ಬಿಡುವಾದರೆ 1. ಎರಡು ಅಂಕಿಗಳಲ್ಲಿ ನಾಲ್ಕು ಆಜ್ಞೆಗಳು: ನಿಲ್ಲು, ಕೂರು, ಬಲಕ್ಕೆ, ಎಡಕ್ಕೆ. ಪ್ರತಿ ಆಜ್ಞೆಯನ್ನೂ ತಿರುವುಮುರುವು ಮಾಡಿ ಇನ್ನೊಮ್ಮೆ ತಟ್ಟಿ. ಕೊನೆಯ ಬಿಡುವು ಎಲ್ಲಿಗೆ ಮುಗಿಯಿತೆಂದು ತೋರಿಸಲು ಒಂದು ಚಪ್ಪಾಳೆ ಹೆಚ್ಚಿಗೆ ಬೇಕಾಗುತ್ತದೆ. ಕೇಳುವವರು ತಾಳೆಯಾದರೆ ಮಾತ್ರ ಪಾಲಿಸಬೇಕು. ಉಳಿದವರು ನಡುನಡುವೆ ಚಪ್ಪಾಳೆ ತಟ್ಟಿ ಕೆಡಿಸಲು ನೋಡಲಿ. ಹತ್ತು ಆಜ್ಞೆಗಳಲ್ಲಿ ಎಷ್ಟು ತಪ್ಪಾದವು, ಎಷ್ಟಕ್ಕೆ ಅವರು ಸುಮ್ಮನೆ ನಿಂತರು? ಆಮೇಲೆ ಆಜ್ಞೆ ಕೊಡುವವರ ಕಣ್ಣಿಗೆ ಬಟ್ಟೆ ಕಟ್ಟಿ ಅದೇ ಆಟವನ್ನು ಮತ್ತೆ ಆಡಿ. 'ನಿಲ್ಲು', 'ಕೂರು' ಎರಡನ್ನೂ ತೆಗೆದು 'ಈಗ ಇರುವುದಕ್ಕೆ ವಿರುದ್ಧವಾಗು' ಎಂಬ ಒಂದೇ ಆಜ್ಞೆಯನ್ನಿಟ್ಟರೆ ಏನಾಗುತ್ತದೆ ನೋಡಿ.